ಕಲ್ಲು ಹೇಳಿದ್ದನ್ನು ಬರೆಯಲೋ, ಊರು ಹೇಳಿದ್ದನ್ನೋ?

ಕೆರೆದಂಡೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಹಾವೇರಿ ಜಿಲ್ಲೆಯ ಒಂದು ಹಳ್ಳಿಯ ಸರ್ಕಾರಿ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ ನಾನು. ವಯಸ್ಸು 43. ಕಳೆದ 6 ವರ್ಷದಿಂದ ನೌಕರಿಯ ಜೊತೆಗೇ ಪಿಎಚ್‌ಡಿ ಮಾಡುತ್ತಿದ್ದೇನೆ. ವಿಷಯ, ನಮ್ಮ ತಾಲ್ಲೂಕಿನ ಕೆರೆಗಳ ಶಾಸನಗಳು. ಊರಿನ ಹೆಸರು, ಜನರ ಹೆಸರು ಇಲ್ಲಿ ಬರೆಯುವುದಿಲ್ಲ, ಕ್ಷಮಿಸಿ. ಯಾಕೆಂದು ಓದುತ್ತ ಹೋದರೆ ತಿಳಿಯುತ್ತದೆ.

ಹೋದ ಬೇಸಿಗೆಯಲ್ಲಿ ಉದ್ಯೋಗ ಖಾತ್ರಿಯವರು ನಮ್ಮೂರ ಕೆರೆಯ ಏರಿ ಮೇಲಿನ ಜಾಲಿಗಂಟಿ ಕಡಿಯುವಾಗ ಒಂದು ಕಲ್ಲು ಸಿಕ್ಕಿತು. ಮುಕ್ಕಾಲು ಪಾಲು ಮಣ್ಣಲ್ಲಿ ಹೂತಿತ್ತು. ಮೇಲ್ತುದಿಯಲ್ಲಿ ಲಿಂಗ, ಆಕಳು ಕರು, ಸೂರ್ಯ ಚಂದ್ರ. ಅದರ ಕೆಳಗೆ 31 ಸಾಲು. ನನ್ನ ವಿದ್ಯಾರ್ಥಿಯೊಬ್ಬ ಸೈಕಲ್ ಮೇಲೆ ಓಡಿ ಬಂದು ಹೇಳಿದ. ಊಟದ ತಾಟು ಅಲ್ಲೇ ಬಿಟ್ಟು ಹೋದೆ. ಮೂರು ರವಿವಾರ ಕೂತು ಪಡಿಯಚ್ಚು ತೆಗೆದೆ. ಹಸಿ ಕಾಗದ ಹಚ್ಚಿ ಬ್ರಷ್‌ನಿಂದ ಬಡಿದು, ಮೇಲೆ ಮಸಿ ಉಂಡೆ ಒತ್ತುವಾಗ ಅಕ್ಷರ ಒಂದೊಂದೇ ಬೆಳ್ಳಗೆ ಮೇಲೆ ಬರುವುದನ್ನು ನೋಡಿದವರಿಗೆ ಆ ಸುಖ ಗೊತ್ತು. ಕಾಗದ ಹರಿದು ಎರಡು ಸಲ ಮೊದಲಿಂದ ಶುರು ಮಾಡಬೇಕಾಯಿತು.

ನನ್ನ ಓದಿನ ಪ್ರಕಾರ ಕಾಲ ಶಕವರ್ಷ 1079, ಸರ್ವಜಿತು ಸಂವತ್ಸರ. 19ನೆಯ ಸಾಲಿನಲ್ಲಿ, ಊರ ದೇವರ ಸೂಳೆಯಾದ (ಗುಡಿಯ ಸೇವೆಯ ಹೆಂಗಸಾದ) ಒಬ್ಬಾಕೆಯ ಹೆಸರು, ಅದರ ಮುಂದೆ 'ಕೆರೆಯಂ [ಕಟ್ಟಿ]ಸಿ' ಅಂತ ಇದೆ. ಆಮೇಲೆ ಆಕೆ ಬಿಟ್ಟ ಗದ್ದೆಯ ಅಳತೆ, ಎಲ್ಲೆ. ಕೊನೆಗೆ ಇದನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು, ಅಂದರೆ ಆಕಳನ್ನು, ಕೊಂದ ಪಾಪ ಬರಲಿ ಎಂಬ ಶಾಪದ ಮಾತು.

ತೊಂದರೆ ಇಲ್ಲಿಂದ ಶುರುವಾಯಿತು. ಈ ಕೆರೆ ಕಟ್ಟಿಸಿದ್ದು ಊರ ಗೌಡರ ಮನೆತನದ ಮೂಲಪುರುಷ ಅಂತ ಊರೆಲ್ಲ ನಂಬಿಕೊಂಡು ಬಂದಿದೆ. ಕೆರೆ ತುಂಬಿದ ವರ್ಷ ಮೊದಲ ಬಾಗಿನ ಅವರ ಮನೆಯದು. ಜಾತ್ರೆಯಲ್ಲಿ ಮೊದಲ ಕಾಯಿ ಅವರದು. ಹಿರಿಯ ಗೌಡರು ಕೆಟ್ಟವರಲ್ಲ, ನನಗಂತೂ ತಂದೆಯ ಸಮಾನ. ನಾನು ಹೈಸ್ಕೂಲಿಗೆ ಹೋಗುವಾಗ ಅಪ್ಪ ತೀರಿಕೊಂಡಿದ್ದ. ಎರಡು ವರ್ಷ ಅವರ ಮನೆಯ ಪಡಸಾಲೆಯಲ್ಲಿ ಮಲಗಿ, ಅವರ ಮನೆಯ ರೊಟ್ಟಿ ತಿಂದು ಓದಿದೆ. ನನ್ನ ಕೈಗೆ ಮೊದಲು ಹಳಗನ್ನಡದ ಪುಸ್ತಕ ಬಂದದ್ದೂ ಅವರ ಮನೆಯ ಕಪಾಟಿನಿಂದ.

ಅವರೇ ಒಂದು ಸಂಜೆ ನಮ್ಮ ಮನೆಗೆ ಬಂದರು. ಚಹಾ ಬೇಡ ಅಂದರು. "ಮಾಸ್ತರ, ನಿಮ್ಮ ಕಲ್ಲು ಸುಳ್ಳು ಅಂತ ನಾ ಅನ್ನಂಗಿಲ್ಲ. ಆದ್ರ ಅದನ್ನ ಪುಸ್ತಕದಾಗ ಬರದ್ರ, ನಮ್ಮ ಮನೀ ಹೆಣ್ಮಕ್ಳು ಜಾತ್ರ್ಯಾಗ ತಲಿ ಎತ್ತಿ ಹೆಂಗ ನಡೀಬೇಕು? ಸೂಳಿ ಕಟ್ಟಿಸಿದ ಕೆರೀಗೆ ಬಾಗಿನ ಬಿಡ್ತಾರ ಅಂತ ಅನ್ನಿಸಿಕೋಬೇಕಾ?" ನನ್ನ ಬಾಯಿಂದ ಮಾತು ಹೊರಡಲಿಲ್ಲ. ಅವರು ಎದ್ದು ಹೋಗುವಾಗ ಚಪ್ಪಲಿ ಹುಡುಕಿ ಕಾಲ ಹತ್ತಿರ ಇಟ್ಟೆ, ಅಷ್ಟೆ.

ವಾರದ ಮೇಲೆ ಯಾರೋ ರಾತ್ರೋರಾತ್ರಿ ಕಲ್ಲಿನ ಮೇಲ್ಭಾಗಕ್ಕೆ ಹಸಿರು ಆಯಿಲ್ ಪೇಂಟ್ ಬಳಿದಿದ್ದರು. ಗೌಡರ ಕೆಲಸವಲ್ಲ, ಅದು ನನಗೆ ಖಾತ್ರಿ. ಹುಡುಗರು ಯಾರೋ. ಬೆಳಿಗ್ಗೆ ಹೋಗಿ ನೋಡಿದಾಗ ಬಣ್ಣ ಇನ್ನೂ ಹಸಿಯಿತ್ತು. ಅಲ್ಲೇ ಏರಿಯ ಮೇಲೆ ಕೂತು ಅತ್ತೆ. ಹೇಳಿಕೊಳ್ಳಲು ನಾಚಿಕೆ ಏನಿಲ್ಲ.

ಗೈಡ್ ಹತ್ತಿರ ಹೋದೆ. "ಆ ಅಧ್ಯಾಯ ಬಿಟ್ಟುಬಿಡಿ, ಉಳಿದ 5 ಅಧ್ಯಾಯ ಸಾಕು. ಡಿಗ್ರಿ ಕೈಗೆ ಬರಲಿ, ಆಮೇಲೆ ಬೇಕಾದ್ದು ಬರೆಯಿರಿ" ಅಂದರು. ಸಹೋದ್ಯೋಗಿಯೊಬ್ಬರು, "ಸೂಳೆ ಅನ್ನೋ ಶಬ್ದ ತೆಗೆದು 'ಭಕ್ತೆ' ಅಂತ ಹಾಕ್ರಿ, ಯಾರಿಗೂ ನೋವಾಗಲ್ಲ" ಅಂದರು. ಈ 6 ವರ್ಷದಲ್ಲಿ ಧಾರವಾಡ, ಮೈಸೂರು ಅಂತ ಓಡಾಡಿ ಹೆಂಡತಿಯ ಎರಡೆಳೆ ಸರ ಬ್ಯಾಂಕಿನಲ್ಲಿ ಅಡ ಇಟ್ಟಿದ್ದೇನೆ, ಇನ್ನೂ ಬಿಡಿಸಿಲ್ಲ. ಮಗಳು ಎಂಟನೆಯ ಇಯತ್ತೆ, ನನ್ನದೇ ಶಾಲೆ. ಮೊನ್ನೆ ಅವಳ ಗೆಳತಿಯರು ಅವಳ ಜೊತೆ ಊಟಕ್ಕೆ ಕೂರಲಿಲ್ಲವಂತೆ.

ನನ್ನ ಪ್ರಶ್ನೆ ಇಷ್ಟು. ಈ ಅಧ್ಯಾಯ ಬಿಡಲೋ, ಉಳಿಸಲೋ? ಅನ್ನ ಹಾಕಿದವರ ಮನಸ್ಸು ನೋಯಿಸಿ ಬರೆಯುವ ಹಕ್ಕು ನನಗಿದೆಯೇ? ಇಂಥ ಹೊತ್ತಿನಲ್ಲಿ ನಮ್ಮ ಹಿರಿಯ ಸಂಶೋಧಕರು ಹೇಗೆ ನಿಂತರು? ತಿಳಿದವರು ಹೇಳಬೇಕು.

ತಾಳೆಗರಿ

ಮಾಸ್ತರೇ, ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೂ ಧೈರ್ಯದ ಮಾತಿಗಿಂತ ಮೊದಲು ಓದಿನ ಮಾತಾಡೋಣ. 30 ವರ್ಷ ಶಾಸನಗಳ ಜೊತೆಗೇ ಕಳೆದವನು ನಾನು, ನೇರವಾಗಿ ಹೇಳುತ್ತೇನೆ, ಬೇಸರ ಬೇಡ.

ಮೊದಲನೆಯದಾಗಿ, ನಿಮ್ಮ ಕಾಲ ಕೂಡುತ್ತಿಲ್ಲ. ಶಕ 1079ಕ್ಕೆ 78 ಸೇರಿಸಿದರೆ ಕ್ರಿ.ಶ. 1157. ಆ ವರ್ಷದ ಸಂವತ್ಸರ ಈಶ್ವರ, ಸರ್ವಜಿತು ಅಲ್ಲ. ನೀವೇ ಲೆಕ್ಕ ಹಾಕಿ ನೋಡಿ: ನಮಗೆಲ್ಲ ನೆನಪಿರುವ 2007ರ ಯುಗಾದಿಗೆ ಬಂದದ್ದು ಸರ್ವಜಿತು. 60 ವರ್ಷದ ಸುತ್ತು. 14 ಸುತ್ತು ಹಿಂದೆ ಹೋದರೆ 1167. ಅಂದರೆ ಶಕ 1089. ನೀವು ೭ ಅಂತ ಓದಿದ ಅಂಕಿ ೮ ಇರಬೇಕು. ಸವೆದ ಕಲ್ಲಿನಲ್ಲಿ ಇವೆರಡು ಕಣ್ಣು ತಪ್ಪಿಸುತ್ತವೆ. ಬಣ್ಣ ಬಳಿಯುವ ಮೊದಲು ತೆಗೆದ ಪಡಿಯಚ್ಚು ಇದೆಯಲ್ಲ, ಮತ್ತೆ ನೋಡಿ. ಹತ್ತು ವರ್ಷದ ವ್ಯತ್ಯಾಸ ಸಣ್ಣದಲ್ಲ. 1157 ಅಂದರೆ ಕಲ್ಯಾಣದಲ್ಲಿ ಚಾಲುಕ್ಯರ ಹಿಡಿತ ಸಡಿಲವಾಗುತ್ತಿದ್ದ ಹೊತ್ತು. 1167ಕ್ಕೆ ಅವರ ಗದ್ದುಗೆ ಕಿತ್ತುಕೊಂಡ ಬಿಜ್ಜಳನ ಆಳ್ವಿಕೆಯೇ ಮುಗಿಯುತ್ತ ಬಂದಿತ್ತು. ಮೇಲಿನ ಸಾಲುಗಳಲ್ಲಿ ರಾಜನ ಬಿರುದುಗಳನ್ನು ನೀವು ಯಾರಿಗೆ ಸೇರಿಸಿದ್ದೀರೋ ಅದೂ ಬದಲಾಗಬಹುದು.

ಎರಡನೆಯದು ಇನ್ನೂ ಮುಖ್ಯ. 'ಕೆರೆಯಂ [ಕಟ್ಟಿ]ಸಿ' ಅಂತ ಬರೆದಿದ್ದೀರಿ. ಒಡೆದ ಅಕ್ಷರ ಊಹಿಸಿ ತುಂಬಿದ್ದು ಅಂತ ತೋರಿಸಲು ಚೌಕ ಕಂಸ ಹಾಕಿದ್ದು ನಿಮ್ಮ ಪ್ರಾಮಾಣಿಕತೆ, ಅದಕ್ಕೆ ಮೆಚ್ಚುಗೆ. ಆದರೆ ಆ ಕಂಸದ ಒಳಗಿರುವುದನ್ನೇ ಹಿಡಿದುಕೊಂಡು ಊರಲ್ಲಿ 'ಆಕೆ ಕೆರೆ ಕಟ್ಟಿಸಿದಳು' ಅಂತ ಹೇಳಿದ್ದೀರಿ, ಅಲ್ಲವೇ? ಅಲ್ಲಿ ಎಷ್ಟು ಅಕ್ಷರ ಒಡೆದಿದೆ? ನಿಮ್ಮ ಕಣ್ಣು ಕಂಡದ್ದು ಎಷ್ಟು, ಮನಸ್ಸು ತುಂಬಿದ್ದು ಎಷ್ಟು? ಕೆರೆಗೆ ಸಂಬಂಧಪಟ್ಟ ಶಾಸನದಲ್ಲಿ ಕಟ್ಟಿಸಿದ್ದು, ಜೀರ್ಣೋದ್ಧಾರ ಮಾಡಿಸಿದ್ದು, ನೀರು ಹೊರಗೆ ಬಿಡುವ ತೂಬು ಇಡಿಸಿದ್ದು, ಏರಿಯ ದುರಸ್ತಿಗೆ ಭೂಮಿ ಬಿಟ್ಟದ್ದು, ಎಲ್ಲವೂ ಬರುತ್ತದೆ.

ಮೂರನೆಯದು, 'ಸೂಳೆ' ಪದದಲ್ಲಿ ಳಕಾರ ಇದೆಯೋ, ಈಗ ಬಳಕೆಯಲ್ಲಿಲ್ಲದ ಹಳೆಯ ೞಕಾರ ಇದೆಯೋ? ಹಳೆಯ ಬರಹದಲ್ಲಿ ಸೂೞೆ ಅಂತಲೂ ಸಿಗುತ್ತದೆ. 12ನೆಯ ಶತಮಾನದ ಹೊತ್ತಿಗೆ ಬರೆಯುವವರ ಕೈಯಲ್ಲಿ ೞ, ಳ ಕಲಸಿ ಹೋಗಿರುತ್ತವೆ. ಇನ್ನು 'ಸೂೞ್' ಅಂದರೆ ಸರದಿ, ಬಾರಿ ಎಂಬ ಅರ್ಥವೂ ಇದೆ. ಆ ಅಕ್ಷರದ ಫೋಟೋ ಹಾಕಿ, ನೋಡೋಣ.

ಬಣ್ಣ ತೆಗೆಯಲು ಹೋಗಬೇಡಿ. ಕಬ್ಬಿಣದ ಬ್ರಷ್, ಆಸಿಡ್, ಥಿನ್ನರ್ ಯಾವುದೂ ಬೇಡ. ಬಣ್ಣದ ಜೊತೆ ಅಕ್ಷರವೂ ಹೋಗುತ್ತದೆ. ಪುರಾತತ್ವ ಇಲಾಖೆಗೆ ಬರೆದು ತಿಳಿಸಿ. ಕೆಳಗಿನ ಅರ್ಧಕ್ಕೆ ಬಣ್ಣ ಹತ್ತಿಲ್ಲ ಅಂತಾಯಿತಲ್ಲ? ಕತ್ತಲಾದ ಮೇಲೆ ಹೋಗಿ, ಬ್ಯಾಟರಿಯನ್ನು ಕಲ್ಲಿಗೆ ಒರಗಿಸಿದ ಹಾಗೆ ಹಿಡಿದು ಪಕ್ಕದಿಂದ ಬೆಳಕು ಬಿಡಿ. ಹಗಲಲ್ಲಿ ಕಾಣದ ಗೆರೆ ರಾತ್ರಿ ನೆರಳಾಗಿ ಏಳುತ್ತದೆ.

ಇನ್ನೊಂದು. ನಿಮ್ಮ ಸೀಮೆ ಬ್ರಿಟಿಷರ ಕಾಲದಲ್ಲಿ ಮುಂಬಯಿ ಪ್ರಾಂತ್ಯದಲ್ಲಿತ್ತು. ರೈಸ್ ಸಾಹೇಬರ ಶಾಸನ ಸಂಪುಟಗಳಾದ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ಹುಡುಕಿದರೆ ಸಿಗುವುದಿಲ್ಲ, ಅದು ಹಳೆಯ ಮೈಸೂರು ಸೀಮೆಯದು. ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯ 11, 15, 18, 20ನೆಯ ಸಂಪುಟ ನೋಡಿ. ಸುತ್ತಲಿನ ಊರುಗಳ ಶಾಸನದಲ್ಲಿ ಅದೇ ದೇವರ ಹೆಸರು, ಅದೇ ಕಾಲದ ಅಧಿಕಾರಿಯ ಹೆಸರು ಸಿಕ್ಕರೆ ನಿಮ್ಮ ಕಲ್ಲಿಗೆ ಒಂದು ಸಾಕ್ಷಿ ಸಿಕ್ಕಂತೆ.

ಓದು ಗಟ್ಟಿಯಾದ ಮೇಲೆ ಒಂದಕ್ಷರವನ್ನೂ ಬಿಟ್ಟುಕೊಡಬೇಡಿ. ಅಲ್ಲಿಯ ತನಕ ನಿಮ್ಮ ಓದಿನ ಮೇಲೆ ನಿಮಗೇ ಅನುಮಾನ ಇರಲಿ.

ಗುಮ್ಮಟದೂರು

ಸರ್, ನಮ್ಮದು ವಿಜಯಪುರ. ಹಿರಿಯರು ಹೇಗೆ ನಿಂತರು ಅಂತ ಕೇಳಿದಿರಿ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮೂರಿನಲ್ಲಿ ಬಾಳಿ ಹೋದ ಫ.ಗು. ಹಳಕಟ್ಟಿಯವರ ನೆನಪಾಯಿತು.

1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ಕಾನೂನು ಓದಿ, ಇಲ್ಲಿ ವಕೀಲಿ ಮಾಡಲು ಬಂದವರು. ವಕೀಲಿ ಹಿಡಿದುಕೊಂಡಿದ್ದರೆ ಮನೆ ಮೇಲೆ ಮನೆ ಕಟ್ಟಿಸಬಹುದಿತ್ತು. ಅವರು ಇದ್ದ ಮನೆಯನ್ನೇ ಮಾರಿದರು! ವಚನಗಳು ಆಗ ಪುಸ್ತಕದಲ್ಲಿ ಇರಲಿಲ್ಲ ಅಂತ ಇವತ್ತಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ. ಬಹುಪಾಲು ಮಠಗಳಲ್ಲಿ, ಮನೆಗಳ ಜಗಲಿಯ ಮೇಲೆ ಓಲೆಗರಿಯ ಕಟ್ಟುಗಳಾಗಿ ಕೂತಿದ್ದವು. ಹಬ್ಬಕ್ಕೆ ವಿಭೂತಿ ಹಚ್ಚಿ ಹೂ ಏರಿಸಿ ಪೂಜೆ ಮಾಡುವುದು, ಬಿಚ್ಚಿ ಓದುವುದಿಲ್ಲ. ಅಂಥ ಕಟ್ಟುಗಳನ್ನು ಹುಡುಕಿಕೊಂಡು ಹಳ್ಳಿ ಹಳ್ಳಿ ತಿರುಗಿದರು. 1923ರಲ್ಲಿ 'ವಚನಶಾಸ್ತ್ರ ಸಾರ'ದ ಮೊದಲ ಭಾಗ ಬಂತು. ತಮ್ಮದೇ ಮುದ್ರಣಾಲಯ ಇಲ್ಲದೆ ಈ ಕೆಲಸ ಆಗುವುದಿಲ್ಲ ಅಂತ ಗೊತ್ತಾಗಿ 1925ರಲ್ಲಿ ಹಿತಚಿಂತಕ ಪ್ರೆಸ್ ಹಾಕಿದರು. ಮನೆ ಹೋದದ್ದು ಅದಕ್ಕೇ. ಮರುವರ್ಷ 'ಶಿವಾನುಭವ' ಪತ್ರಿಕೆ. ಅದೇ 1926ರಲ್ಲಿ ಬಳ್ಳಾರಿ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರೂ ಆದರು. ಸನ್ಮಾನ ಬಂತು ಅಂತ ಸಾಲ ತೀರುತ್ತದೆಯೇ? ಕೊನೆಯವರೆಗೂ ಬಡತನ ಅವರ ಬೆನ್ನು ಬಿಡಲಿಲ್ಲ. 1964ರಲ್ಲಿ ಇಲ್ಲೇ ತೀರಿಕೊಂಡರು.

ಹರಿದ ಕೋಟು ತೊಟ್ಟು ಓಡಾಡುತ್ತಿದ್ದರು ಅಂತ ನಮ್ಮಜ್ಜ ಹೇಳುತ್ತಿದ್ದ. ನಾನು ಸಣ್ಣವನಿದ್ದಾಗ ಅದನ್ನು ಕೇಳಿ, ದೊಡ್ಡ ಮನುಷ್ಯ ಹೊಸ ಕೋಟು ಯಾಕೆ ಹೊಲಿಸಲಿಲ್ಲ ಅಂತ ಕೇಳಿದ್ದೆ. "ಒಂದು ಕೋಟಿನ ರೊಕ್ಕಕ್ಕ ಎಷ್ಟು ಹಾಳಿ ಕಾಗದ ಬರ್ತಾವ, ಲೆಕ್ಕಾ ಹಾಕು" ಅಂದಿದ್ದ ಅಜ್ಜ.

ನಿಮ್ಮ ಮನೆಯವರ ಸರ ಬ್ಯಾಂಕಿನಲ್ಲಿದೆ ಅಂದಿರಲ್ಲ, ಅದಕ್ಕೇ ಇಷ್ಟು ಬರೆದೆ. ಆ ಸರವೂ ಈ ಲೆಕ್ಕದಲ್ಲೇ ಸೇರುತ್ತದೆ, ಸರ್. ಅಕ್ಕನವರಿಗೆ ನನ್ನ ನಮಸ್ಕಾರ ತಿಳಿಸಿ.

ಹೆಸರು ಬೇಡ

ಎಲ್ಲರೂ ಹಿಂಗೇ ಬರೆಯುತ್ತ ಹೋದರೆ ಇವರ ಮೇಲೆ ಭಾರ ಹೆಚ್ಚಾಗುತ್ತದೆ, ಆದ್ದರಿಂದ ಬೇರೆ ಮಾತು ಹೇಳುತ್ತೇನೆ. ಸರ್, ಗೈಡ್ ಹೇಳಿದಂತೆ ಮಾಡಿ. ನಾನು ಪಿಎಚ್‌ಡಿ ಅರ್ಧಕ್ಕೆ ಬಿಟ್ಟವನು. ಜಗಳವಾಡಿ ಬಿಟ್ಟೆ. ನನ್ನ ಜಗಳ ನ್ಯಾಯವಾಗಿತ್ತು, ಈಗಲೂ ಹಾಗೇ ಅನ್ನಿಸುತ್ತದೆ. ಆದರೆ 11 ವರ್ಷವಾಯಿತು, ನಾನು ಸಂಗ್ರಹಿಸಿದ 400 ಪುಟ ಅಟ್ಟದ ಮೇಲೆ ಟ್ರಂಕಿನಲ್ಲಿದೆ. ಯಾರೂ ಓದಿಲ್ಲ. ಡಿಗ್ರಿ ಇದ್ದಿದ್ದರೆ ಯಾರಾದರೂ ಅಚ್ಚು ಹಾಕುತ್ತಿದ್ದರು. ಊರಲ್ಲಿ ಬಾಳಬೇಕಾದವರು ನೀವು, ಶಾಲೆಗೆ ಹೋಗಬೇಕಾದವಳು ನಿಮ್ಮ ಮಗಳು. ಅಧ್ಯಾಯ ಬರೆದು ಇಟ್ಟುಕೊಳ್ಳಿ, ಹರಿಯಬೇಡಿ. ಕಾಲ ಬಂದಾಗ ಹೊರಗೆ ತನ್ನಿ. ಇದು ಹೇಡಿತನ ಅಂತ ನನಗೆ ಅನ್ನಿಸುವುದಿಲ್ಲ.

ಮಾಳಮಡ್ಡಿ

ಧಾರವಾಡದವನು ನಾನು. ಮೇಲಿನವರ ಮಾತನ್ನು ತಳ್ಳಿಹಾಕುವುದಿಲ್ಲ. ಧೈರ್ಯ ಮಾಡು ಅಂತ ಇನ್ನೊಬ್ಬರಿಗೆ ಹೇಳುವುದು ನಮ್ಮೂರಿನವರಿಗೆ ಸುಲಭವಲ್ಲ.

ಎಂ.ಎಂ. ಕಲಬುರ್ಗಿ ಸರ್ ಅವರನ್ನು ದೂರದಿಂದ ಬಲ್ಲೆ. ಭಾಷಣ ಕೇಳಿದ್ದೆ, ಗ್ರಂಥಾಲಯದಲ್ಲಿ ನೋಡಿದ್ದೆ. ಅವರ ಸಂಶೋಧನ ಲೇಖನಗಳ ಸಂಗ್ರಹ 'ಮಾರ್ಗ'ದ ಮೊದಲ ಸಂಪುಟದ ಕೆಲವು ಲೇಖನಗಳು, ಮುಖ್ಯವಾಗಿ ಚನ್ನಬಸವಣ್ಣನವರ ಹುಟ್ಟಿನ ಕುರಿತು ಬರೆದದ್ದು, ದೊಡ್ಡ ಗದ್ದಲಕ್ಕೆ ಕಾರಣವಾದವು. 1989ರಲ್ಲಿ ಅವರು ಆ ಮಾತುಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ಮನೆಯವರ ಜೀವಕ್ಕಾಗಿ ಹಾಗೆ ಮಾಡಿದೆ, ಆದರೆ ಅವತ್ತು ಬೌದ್ಧಿಕವಾಗಿ ಆತ್ಮಹತ್ಯೆ ಮಾಡಿಕೊಂಡೆ ಎಂಬರ್ಥದ ಮಾತನ್ನು ಅವರೇ ಆಮೇಲೆ ಆಡಿದ್ದಾರೆ. ಆ ಮಾತನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಅಷ್ಟು ದೊಡ್ಡ ವಿದ್ವಾಂಸ ತನ್ನ ಸೋಲನ್ನು ಮುಚ್ಚಿಡದೆ, ಅದಕ್ಕೆ ಅಷ್ಟು ಕಠಿಣವಾದ ಹೆಸರಿಟ್ಟು ಹೇಳಿದರಲ್ಲ, ಅದೂ ಒಂದು ಧೈರ್ಯ ಅನ್ನಿಸಿತು.

ಅಲ್ಲಿಗೆ ಅವರು ಪೆನ್ನು ಕೆಳಗಿಡಲಿಲ್ಲ. ಸಮಗ್ರ ವಚನ ಸಂಪುಟಗಳ 15 ಸಂಪುಟಕ್ಕೆ ಪ್ರಧಾನ ಸಂಪಾದಕರಾಗಿ ದುಡಿದರು, ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾದರು, 'ಮಾರ್ಗ'ದ ನಾಲ್ಕನೆಯ ಸಂಪುಟಕ್ಕೆ 2006ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2015ರ ಆಗಸ್ಟ್ 30, ರವಿವಾರ ಬೆಳಿಗ್ಗೆ, ಇಲ್ಲಿಯ ಕಲ್ಯಾಣನಗರದ ಮನೆಯಲ್ಲೇ ಗುಂಡು ಹೊಡೆದು ಕೊಂದರು. 76 ವರ್ಷ ವಯಸ್ಸು. ಅವತ್ತು ನಾನು ಹಾಲು ತರಲು ಹೋಗಿದ್ದೆ, ಅಂಗಡಿಯಲ್ಲಿ ಸುದ್ದಿ ಬಂತು. ಯಾರೂ ಏನೂ ಮಾತಾಡಲಿಲ್ಲ. ಹಾಲಿನವನು ಚಿಲ್ಲರೆ ಕೊಡುವುದನ್ನೇ ಮರೆತು ನಿಂತಿದ್ದ.

ನಿಮ್ಮೂರಿನ ಸಂಗತಿ ಅಲ್ಲಿಗೆ ಹೋಗುತ್ತದೆ ಅಂತ ಹೇಳಿ ಹೆದರಿಸುತ್ತಿಲ್ಲ. ನಿಮ್ಮ ಗೌಡರು ಮನೆಗೆ ಬಂದು ಎದುರು ಕೂತು ಮಾತಾಡಿದರು. ಅದು ದೊಡ್ಡ ಸಂಗತಿ, ಆ ಬಾಗಿಲು ಮುಚ್ಚಿಕೊಳ್ಳಬೇಡಿ. ಅವರಿಂದ ಬಚ್ಚಿಟ್ಟು ಎಲ್ಲೋ ಅಚ್ಚು ಹಾಕಿಸಿ, ಆಮೇಲೆ ಪೇಪರಿನಲ್ಲಿ ಅವರು ಓದುವಂತೆ ಮಾಡಬೇಡಿ. ಬರೆದದ್ದನ್ನು ಅವರ ಎದುರಿಗೇ ಓದಿ.

ಇನ್ನು ನೀವು ಹೈಸ್ಕೂಲ್ ಮಾಸ್ತರ ಅಂದಿರಿ. ಶಂಬಾ ಜೋಶಿಯವರೂ ಇಲ್ಲಿ ಶಾಲಾ ಮಾಸ್ತರರೇ. ವಿಶ್ವವಿದ್ಯಾಲಯದ ದೊಡ್ಡ ಪದವಿ ಇಲ್ಲದೆಯೇ ಕನ್ನಡ ನಾಡಿನ ಬೇರು ಎಲ್ಲಿಯವರೆಗೆ ಇಳಿದಿದೆ ಅಂತ ಜೀವಮಾನವೆಲ್ಲ ಹುಡುಕಿದವರು. ಮಹಾರಾಷ್ಟ್ರದ ಮೂಲದಲ್ಲೂ ಕನ್ನಡವಿದೆ ಅಂತ ವಾದಿಸುವ ಪುಸ್ತಕವನ್ನು ಮರಾಠಿಯಲ್ಲೇ ಬರೆದರು. ಯಾರು ಒಪ್ಪಲಿಕ್ಕಿಲ್ಲವೋ ಅವರ ಮುಂದೆಯೇ, ಅವರ ಭಾಷೆಯಲ್ಲೇ ಇಟ್ಟರು. ಅವರ ಎಲ್ಲ ನಿರ್ಣಯ ಇವತ್ತು ನಿಲ್ಲುವುದಿಲ್ಲ, ಶಬ್ದಗಳ ವ್ಯುತ್ಪತ್ತಿಯಲ್ಲಿ ತುಂಬ ದೂರ ಹೋದರು ಅಂತ ನನಗೂ ಅನ್ನಿಸುತ್ತದೆ. ಆದರೂ ಅವರು ಎತ್ತಿದ ಪ್ರಶ್ನೆಗಳು ಹಾಗೇ ಕೂತಿವೆ. 1970ರಲ್ಲಿ ಅಕಾಡೆಮಿ ಪ್ರಶಸ್ತಿ ಬಂದಾಗ ಅವರಿಗೆ 70 ದಾಟಿತ್ತು.

ಇಲ್ಲಿಗೆ ಬನ್ನಿ. ತಾಳೆಗರಿಯವರು ಹೇಳಿದ ಆ ಶಾಸನ ಸಂಪುಟಗಳನ್ನು ಕೂತು ನೋಡೋಣ. ಊಟ, ವಸತಿ ನಮ್ಮ ಮನೆಯಲ್ಲಿ.

ಸೂಳೆಕೆರೆ ಸೀಮೆಯವಳು

ಮೇಷ್ಟ್ರೇ, ನಾನು ಚನ್ನಗಿರಿ ಕಡೆಯವಳು. ನಮ್ಮ ದೊಡ್ಡ ಕೆರೆಗೆ ಸರ್ಕಾರದ ಬೋರ್ಡಿನಲ್ಲಿ ಶಾಂತಿಸಾಗರ ಅಂತ ಹೆಸರು, ಜನರ ಬಾಯಲ್ಲಿ ಸೂಳೆಕೆರೆ. ಕೆರೆಗಾಗಿ ಜೀವ ಕೊಟ್ಟ ಶಾಂತವ್ವನ ಕಥೆ ಹೇಳದ ಅಜ್ಜಿ ನಮ್ಮ ಕಡೆ ಇಲ್ಲ. ಸಾವಿರಾರು ಎಕರೆ ಅಡಿಕೆ, ಭತ್ತ ಆ ನೀರಿನಲ್ಲಿ ಬೆಳೆದಿದೆ. ಆ ಹೆಸರು ಹೇಳಿಕೊಂಡು ನಾವು ಯಾರೂ ತಲೆ ತಗ್ಗಿಸಿಲ್ಲ.

'ಭಕ್ತೆ' ಅಂತ ಬದಲಾಯಿಸಿ ಅಂದರಂತಲ್ಲ ನಿಮ್ಮ ಸ್ನೇಹಿತರು, ಅದು ಮಾತ್ರ ಬೇಡ. ನಾನು ಆ ತಪ್ಪು ಮಾಡಿದವಳು. ಎಂಫಿಲ್‌ಗೆ ಹೆಂಗಸರ ಹಾಡು ಸಂಗ್ರಹ ಮಾಡಿದ್ದೆ. ಒಬ್ಬ ಅಜ್ಜಿ ಹಾಡಿದ ಹಾಡಿನಲ್ಲಿ ಗಂಡನನ್ನು ಬೈಯುವ ನಾಲ್ಕು ಸಾಲಿತ್ತು, ಹಸಿಹಸಿ ಮಾತು. ಅದು ಪ್ರಬಂಧದಲ್ಲಿ ಇರಬಾರದು ಅಂತ ಹಿರಿಯರೊಬ್ಬರು ಅಂದದ್ದಕ್ಕೆ ನಾನೇ ಕೂತು ಸಭ್ಯವಾದ ನಾಲ್ಕು ಸಾಲು ಹೊಸೆದು ಸೇರಿಸಿದೆ. ಅಜ್ಜಿ ಈಗಿಲ್ಲ. ಕ್ಯಾಸೆಟ್ಟೂ ಹಾಳಾಗಿ ಹೋಯಿತು. ಈಗ ಯಾರಾದರೂ ಆ ಹಾಡನ್ನು ನನ್ನ ಪ್ರಬಂಧದಿಂದ ಎತ್ತಿಕೊಂಡರೆ, ಅವರು ಅಜ್ಜಿಯದು ಅಂತ ಎತ್ತಿಕೊಳ್ಳುವುದು ನನ್ನ ಮಾತನ್ನು. ಅದನ್ನು ಸರಿಪಡಿಸಲು ನನ್ನ ಹತ್ತಿರ ದಾರಿಯೇ ಇಲ್ಲ. ಅಧ್ಯಾಯ ಬಿಟ್ಟರೆ ನಾಳೆ ಇನ್ನೊಬ್ಬರು ಬಂದು ಬರೆಯಬಹುದು. ಪದ ತಿದ್ದಿದರೆ ಮುಂದೆ ಬರುವವರ ದಾರಿಯನ್ನೂ ಕೆಡಿಸಿದಂತೆ.

ಮತ್ತೆ, ಆ ಪದಕ್ಕೆ ಆಗ ಈಗಿನ ಬೈಗುಳದ ಅರ್ಥವೇ ಇತ್ತು ಅಂತ ಗೌಡರು ತಿಳಿದಿದ್ದಾರೆ. ಅವರಿಗೆ ಬಾದಾಮಿ ಹತ್ತಿರದ ಮಹಾಕೂಟದ ಶಾಸನದ ವಿಷಯ ಹೇಳಿ. ಚಾಲುಕ್ಯ ವಿಜಯಾದಿತ್ಯನ ಪ್ರಾಣವಲ್ಲಭೆ, ಆ ಶಾಸನವೇ 'ಸೂಳೆ' ಎಂದು ಕರೆಯುವ ವಿನಾಪೋಟಿ, ಅಲ್ಲಿಯ ದೇವರಿಗೆ ಮಾಣಿಕ್ಯದ ಪೀಠ, ಬೆಳ್ಳಿಯ ಕೊಡೆ ಕೊಟ್ಟಳು. ಶಾಸನ ಅವಳ ಹೆಸರಿನ ಜೊತೆಗೆ ಅವಳ ತಾಯಿಯ ಹೆಸರು, ಅಜ್ಜಿಯ ಹೆಸರೂ ಬರೆದಿದೆ. ತಂದೆಯ ಹೆಸರಿಲ್ಲ. ನಾಚಿಕೆಯ ಸಂಗತಿಯಾಗಿದ್ದರೆ ದೇವಸ್ಥಾನದಲ್ಲೇ ಕಲ್ಲಿನಲ್ಲಿ ಕೊರೆಸುತ್ತಿದ್ದರೇ? ಗುಡಿಯ ಸೇವೆಯ ಹೆಂಗಸರಿಗೆ ಸ್ವಂತ ಭೂಮಿಯಿತ್ತು, ದಾನ ಕೊಡುವ ಅಧಿಕಾರವಿತ್ತು. ಅವರ ಬದುಕೆಲ್ಲ ಸುಖವಾಗಿತ್ತು ಅಂತ ನಾನು ಹೇಳುವುದಿಲ್ಲ, ಹಾಗೆ ಹೇಳುವವರ ಮೇಲೆ ನನಗೆ ಸಿಟ್ಟೂ ಬರುತ್ತದೆ. ಆದರೆ ಆ ಕಲ್ಲಿನಲ್ಲಿ ಅವಳು ನಿಂತಿರುವುದು ದಾನಿಯಾಗಿ.

ಕೆರೆದಂಡೆ (ಪ್ರಶ್ನೆ ಕೇಳಿದವರು)

ಎರಡು ವಾರ ಆಯಿತು. ಎಲ್ಲರ ಮಾತೂ ಒಂದಕ್ಕಿಂತ ಹೆಚ್ಚು ಸಲ ಓದಿದೆ. ನಡೆದದ್ದನ್ನು ಹೇಳುತ್ತೇನೆ.

ತಾಳೆಗರಿ ಸರ್, ನೀವು ಹೇಳಿದ್ದು ಸರಿ. ಪಡಿಯಚ್ಚನ್ನು ಕಿಟಕಿಗೆ ಹಿಡಿದು ನೋಡಿದೆ. ಅಂಕಿ ೮. ಶಕ 1089. ನನಗೆ ಕಾಲವನ್ನು ಸಂವತ್ಸರದ ಜೊತೆ ತಾಳೆ ನೋಡುವುದು ಗೊತ್ತಿಲ್ಲದ ಸಂಗತಿಯಲ್ಲ. ಕಲ್ಲು ಸಿಕ್ಕ ಖುಷಿಯಲ್ಲಿ ಆ ಕೆಲಸವನ್ನೇ ಮಾಡಲಿಲ್ಲ.

19ನೆಯ ಸಾಲಿಗೆ ರಾತ್ರಿ ಹೋದೆ. ಹೆಂಡತಿಯೂ ಬಂದಳು. ಒಬ್ಬನೇ ಹೋಗುವುದು ಬೇಡ ಅಂದಳು. ಅವಳು ಬ್ಯಾಟರಿ ಹಿಡಿದಳು, ನಾನು ಮೊಣಕಾಲೂರಿ ಕೂತೆ. ಬೆಳಕನ್ನು ಎಡಗಡೆಯಿಂದ ಬಿಟ್ಟಾಗ ಏನೂ ಕಾಣಲಿಲ್ಲ. ಬಲಗಡೆಯಿಂದ, ಬಹಳ ಕೆಳಗೆ ಹಿಡಿದಾಗ ನಾನು 'ಯಂ' ಅಂದುಕೊಂಡದ್ದು 'ಗೆ' ಆಯಿತು. ಆ ಸೊನ್ನೆ ಅದರ ಮುಂದಿನ ಅಕ್ಷರದ್ದು. 'ಕೆರೆಗೆ ತೂಂಬನಿಕ್ಕಿಸಿ'. ಮೂರು ಸಲ ಬೆಳಕು ತಿರುಗಿಸಿ ನೋಡಿದೆ. ಆಕೆ ಕೆರೆ ಕಟ್ಟಿಸಿಲ್ಲ. ಕೆರೆಗೆ ತೂಬು ಇಡಿಸಿದ್ದಾಳೆ, ಅದನ್ನು ಕಾಯ್ದುಕೊಳ್ಳಲು ಗದ್ದೆ ಬಿಟ್ಟಿದ್ದಾಳೆ. ಕೆರೆ ಯಾರದು ಅಂತ ಈ ಕಲ್ಲು ಹೇಳುವುದೇ ಇಲ್ಲ. 'ಸೂಳೆ' ಪದದಲ್ಲಿ ಮಾತ್ರ ಅನುಮಾನವಿಲ್ಲ, ೞಕಾರ ಸ್ಪಷ್ಟ, ಹಿಂದಿನ ಪದ ದೇವರ ಹೆಸರು.

ಅಲ್ಲಿಯವರೆಗೆ ಊರಿನವರು ತಪ್ಪು, ನಾನು ಸರಿ ಅಂತ ತಿಳಿದಿದ್ದೆ. ಆ ರಾತ್ರಿ ಬಹಳ ಹೊತ್ತು ಏರಿಯ ಮೇಲೇ ಕೂತೆ. ಒಂದು ಕಂಸದ ಒಳಗೆ ನಾನೇ ಬರೆದ ಎರಡಕ್ಷರಕ್ಕಾಗಿ ಗೌಡರು ಎಷ್ಟು ದಿನ ನಿದ್ದೆಗೆಟ್ಟರೋ.

ಮರುದಿನ ಪಡಿಯಚ್ಚು ಸುತ್ತಿಕೊಂಡು ಅವರ ಮನೆಗೆ ಹೋದೆ. ಅದೇ ಪಡಸಾಲೆ. ಹಾಸಿ ತೋರಿಸಿದೆ. "ಆಕಿ ಕೆರಿ ಕಟ್ಟಿಸಿದ್ಲು ಅಂದಿದ್ದು ನನ್ನ ತಪ್ಪು, ಯಜಮಾನ್ರ. ತೂಬು ಇಡಿಸಿದಾಳ. ಕೆರಿ ಕಟ್ಟಿಸಿದವರ ಹೆಸರು ಇದರಾಗ ಇಲ್ಲ, ನಿಮ್ಮ ಹಿರೇರದೂ ಇಲ್ಲ. ನಾ ಹಂಗ ಬರೀತೀನಿ" ಅಂದೆ. ಆ ಪದದ ಬಗ್ಗೆಯೂ ಹೇಳಿದೆ, ಮಹಾಕೂಟದ ವಿಷಯವನ್ನೂ ಹೇಳಿದೆ. ಪದ ಬದಲಿಸುವುದಿಲ್ಲ ಅಂತಲೂ ಹೇಳಿದೆ. ಹೇಳುವಾಗ ಕೈ ನಡುಗುತ್ತಿತ್ತು.

ಅವರು ಬಗ್ಗಿ ಆ ಬಿಳಿ ಅಕ್ಷರಗಳ ಮೇಲೆ ಬೆರಳಾಡಿಸಿದರು. ಆಮೇಲೆ, "ತಪ್ಪಾತು ಅಂತ ನೀವ ಹೇಳಾಕ ಬಂದೀರಿ ಅಂದ್ರ, ಉಳಿದದ್ದು ಖರೇನ ಇರಬೇಕು" ಅಂದರು. ಒಪ್ಪಿದರು ಅಂತ ನಾನು ಹೇಳಲಾರೆ. ಅವರ ಮಗ ನಾನು ಒಳಗೆ ಬಂದಾಗಲೇ ಎದ್ದು ಹೊರಗೆ ಹೋದವನು, ಇವತ್ತಿನ ತನಕ ಮಾತಾಡಿಲ್ಲ. ಆದರೆ ಹೊರಡುವಾಗ ಗೌಡರು ಕೇಳಿದರು, "ಆ ತೂಬು ಈಗಿನ ತೂಬೇ ಏನು?"

ಇಬ್ಬರೂ ಕೂಡಿ ಹೋಗಿ ನೋಡಿದೆವು. ಎರಡು ಕಲ್ಲುಕಂಬ, ನಡುವೆ ಅಡ್ಡಗಲ್ಲು. ಕಂಬದ ಕೆತ್ತನೆ ನೋಡಿದರೆ ಆ ಕಾಲದ್ದೇ ಇರಬಹುದು. ಬರೆಯುವಾಗ ಮಾತ್ರ 'ಇರಬಹುದು' ಅಂತಲೇ ಬರೆದಿದ್ದೇನೆ. ಅವರ ಗದ್ದೆಗೆ ನೀರು ಹೋಗುವುದು ಆ ತೂಬಿನಿಂದಲೇ.

ಹೆಸರು ಬೇಡ ಅಂದವರೇ, ನಿಮ್ಮ ಮಾತು ನನ್ನನ್ನು ಬಹಳ ಕಾಡಿತು. ಆ 400 ಪುಟವನ್ನು ಟ್ರಂಕಿನಿಂದ ಇಳಿಸಿ. ನನಗೆ ಕಳಿಸಿ, ರಜೆಯಲ್ಲಿ ಟೈಪ್ ಮಾಡಿಕೊಡುತ್ತೇನೆ, ನಿಜವಾಗಿ ಹೇಳುತ್ತಿದ್ದೇನೆ. ನನ್ನ ಅಧ್ಯಾಯವನ್ನಂತೂ ಹೊಸದಾಗಿ ಬರೆದು ಮೊನ್ನೆ ಗೈಡ್‌ಗೆ ಕಳಿಸಿದೆ. ಉತ್ತರ ಬಂದಿಲ್ಲ. ಹೆಂಡತಿ ಕಳಿಸುವ ಮೊದಲು ಒಂದೇ ಮಾತು ಕೇಳಿದಳು, "ಆಕಿ ಹೆಸರು ಹಾಕೀರಿ ಹೌದಲ್ಲ?" ಹಾಕಿದ್ದೇನೆ.

ಮಾಳಮಡ್ಡಿ ಸರ್, ಬರುವ ರವಿವಾರ ಬೆಳಗಿನ ಮೊದಲ ಬಸ್ಸಿಗೆ ಧಾರವಾಡಕ್ಕೆ ಬರುತ್ತೇನೆ. 23ನೆಯ ಸಾಲಿನ ಕೊನೆಯ ಮೂರು ಅಕ್ಷರ ಇನ್ನೂ ಬಿಡಿಸಲಾಗಿಲ್ಲ. ಬಲಗಡೆಯ ಬೆಳಕಿನಲ್ಲಿ ಒಂದು, ಎಡಗಡೆಯ ಬೆಳಕಿನಲ್ಲಿ ಒಂದು ಫೋಟೋ ತೆಗೆದಿದ್ದೇನೆ, ಇವತ್ತು ರಾತ್ರಿ ಹಾಕುತ್ತೇನೆ. ತಾಳೆಗರಿ ಸರ್ ನೋಡಿ ಹೇಳಬೇಕು. ಈ ಸಲ ಕಂಸದೊಳಗೆ ಏನೂ ತುಂಬಿಲ್ಲ, ಮೂರು ಚುಕ್ಕೆ ಇಟ್ಟಿದ್ದೇನೆ.